ಬಿಚ್ಚುಮೈ ಬೈಕಿಗೊಂದು ಹೊಸ ಮೈ

ಹಳೆಯ ಬೈಕೊಂದನ್ನು ಹೊಸದಾಗಿ ವಿನ್ಯಾಸ ಮಾಡಲು ನಮ್ಮ ಕೈಗೆ ಬಂದ ಬ್ರೀಫ್‌ನಲ್ಲಿ, ಅಂದರೆ ಏನು ಬೇಕೆಂಬ ಸೂಚನೆಯಲ್ಲಿ, ಇದ್ದದ್ದು ಎರಡೇ ಸಾಲು. ಹಳೆಯ ಬೈಕ್ ಇಟ್ಟುಕೊಂಡವರು ಹೊಸದನ್ನು ದೂರದಿಂದಲೇ ಗುರುತು ಹಿಡಿಯಬೇಕು. ಹಳೆಯದರ ಹಂಗೇ ಇಲ್ಲದ ಹುಡುಗ ಹುಡುಗಿಯರು ಹೊಸದನ್ನು ಕೊಳ್ಳಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತಾರಲ್ಲ, ಅದೇ. ಬೈಕಿನ ಹೆಸರನ್ನಾಗಲಿ ಕಂಪನಿಯ ಹೆಸರನ್ನಾಗಲಿ ನಾನಿಲ್ಲಿ ಬರೆಯುವಂತಿಲ್ಲ, ಸಹಿ ಹಾಕಿಕೊಟ್ಟ ಕಾಗದ ಬಿಡುವುದಿಲ್ಲ. ದುಂಡು ಹೆಡ್‌ಲೈಟ್, ಉಬ್ಬಿದ ಟ್ಯಾಂಕ್, ಅಗಲ ಹ್ಯಾಂಡಲ್, ಕಣ್ಣಿಗೆ ಕಾಣುವ ಎಂಜಿನ್ ಮತ್ತು ಕೊಳವೆಗಳ ಫ್ರೇಮ್; ಎರಡು ದಶಕಕ್ಕೂ ಮೀರಿ ಹೆಚ್ಚು ಬದಲಾಗದೆ ಮಾರಾಟವಾದ ನೇಕೆಡ್, ಅಂದರೆ ಹೊದಿಕೆಯಿಲ್ಲದ ಬಿಚ್ಚುಮೈ ಬೈಕ್ ಎಂದಷ್ಟು ತಿಳಿದರೆ ಸಾಕು. ಆ ತಂಡದಲ್ಲಿ ಹೊರಮೈ ವಿನ್ಯಾಸ ನನ್ನ ಪಾಲಿನ ಕೆಲಸ.

ಮೈತುಂಬ ಫೇರಿಂಗ್, ಅಂದರೆ ಪ್ಲಾಸ್ಟಿಕ್ ಹೊದಿಕೆ ಇರುವ ಬೈಕನ್ನು ವಿನ್ಯಾಸ ಮಾಡುವುದು ಒಂದು ರೀತಿಯಲ್ಲಿ ಸುಲಭ. ಅಲ್ಲಿ ನಾವು ಪ್ಲಾಸ್ಟಿಕ್ಕಿಗೆ ಆಕಾರ ಕೊಡುತ್ತೇವೆ. ಒಳಗಿನ ಹೋಸು, ವೈರು, ಕ್ಲ್ಯಾಂಪುಗಳ ಗೊಂದಲ ಒಳಗೇ ಉಳಿಯುತ್ತದೆ. ನೇಕೆಡ್ ಬೈಕಿನಲ್ಲಿ ಹೊರಮೈ ಅನ್ನುವುದೇ ಇಲ್ಲ. ಎಂಜಿನ್ನಿನ ಕೇಸಿಂಗ್, ರೇಡಿಯೇಟರ್, ಸೈಲೆನ್ಸರ್ ಪೈಪಿನ ತಿರುವು, ಕೊನೆಗೆ ಬೋಲ್ಟಿನ ತಲೆ ಕೂಡ ಮುಖದ ಭಾಗವೇ. ಎಂಜಿನಿಯರ್ ಒಬ್ಬರು ಬ್ರಾಕೆಟ್ ಒಂದನ್ನು ಹತ್ತು ಮಿ.ಮೀ. ಸರಿಸಿದರೆ ನನ್ನ ಬೈಕಿನ ಚಹರೆ ಬದಲಾಗುತ್ತದೆ. ಹಾಗಾಗಿ ಈ ಕೆಲಸದ ಅರ್ಧದಷ್ಟು ಪೆನ್ಸಿಲ್ ಹಿಡಿದದ್ದಲ್ಲ, ಮೀಟಿಂಗಿನಲ್ಲಿ ಕೂತದ್ದು.

ಮೊದಲು ಮಾಡಿದ ಕೆಲಸ ಹಳೆಯ ಮಾಲೀಕರನ್ನು ಕರೆಸಿದ್ದು. ಈ ಬೈಕಿನಲ್ಲಿ ಏನನ್ನು ಮುಟ್ಟಬಾರದು ಎಂದು ಕೇಳಿದೆವು. ಬಹುಪಾಲು ಜನ ಹೇಳಿದ್ದು ಫ್ರೇಮ್. ಆ ಕೊಳವೆಗಳ ಜಾಲವೇ ಬೈಕಿನ ಪ್ರಾಣ, ಅದನ್ನು ತೆಗೆದರೆ ನಾವು ಈ ಕಡೆ ತಲೆ ಹಾಕುವುದಿಲ್ಲ ಎಂದರು. ಒಬ್ಬರಂತೂ ಮೇಜು ಗುದ್ದಿಯೇ ಹೇಳಿದರು. ಆಮೇಲೆ ಅವರಿಗೆಲ್ಲ ಬಿಳಿ ಹಾಳೆ ಕೊಟ್ಟು, ನಿಮ್ಮ ಬೈಕನ್ನು ಪಕ್ಕದಿಂದ ನೋಡಿದ ಹಾಗೆ ನೆನಪಿನಿಂದ ಬರೆಯಿರಿ, ಚೆಂದ ಬರಬೇಕಿಲ್ಲ ಎಂದೆವು.

ಆ ಹಾಳೆಗಳು ನನ್ನ ಹತ್ತಿರ ಇವತ್ತಿಗೂ ಇವೆ. ಹೆಚ್ಚಿನವರು ಮೊದಲು ಎಳೆದದ್ದು ಒಂದೇ ಗೆರೆ: ಹೆಡ್‌ಲೈಟಿನ ತಲೆಯಿಂದ ಹೊರಟು, ಟ್ಯಾಂಕಿನ ಮೇಲೆ ಉಬ್ಬಿ, ಸೀಟಿನಲ್ಲಿ ದಢಕ್ಕನೆ ಇಳಿದು, ಬಾಲದಲ್ಲಿ ಸ್ವಲ್ಪ ಎದ್ದು ನಿಲ್ಲುವ ಗೆರೆ. ಟ್ಯಾಂಕು ಇರುವುದಕ್ಕಿಂತ ದೊಡ್ಡದು, ಬಾಲ ಇರುವುದಕ್ಕಿಂತ ಗಿಡ್ಡ. ಎಂಜಿನ್ ಒಂದು ಕಪ್ಪು ಮುದ್ದೆ. ಪ್ರಾಣ ಎಂದಿದ್ದ ಫ್ರೇಮನ್ನು ಕೆಲವರು ಬರೆದೇ ಇರಲಿಲ್ಲ, ಬರೆದವರಲ್ಲಿ ತ್ರಿಕೋನಗಳು ಉಲ್ಟಾ ಬಿದ್ದಿದ್ದವು. ಮೇಜು ಗುದ್ದಿದವರ ಚಿತ್ರದಲ್ಲಿ ಎರಡು ಕೊಳವೆ ಇತ್ತು, ಎರಡೂ ಇಲ್ಲದ ಜಾಗದಲ್ಲಿ.

ಬಾಯಲ್ಲಿ ಹೇಳುವ ಪ್ರೀತಿ ಬೇರೆ, ಕಣ್ಣು ಹಿಡಿದಿಟ್ಟುಕೊಂಡದ್ದು ಬೇರೆ. ಆವತ್ತಿನಿಂದ ಆ ಗೆರೆಯೇ ನಮಗೆ ಕಾನೂನಾಯಿತು. ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬಾಗಿರಬೇಕು, ಟ್ಯಾಂಕಿನ ಅತಿ ಎತ್ತರದ ಬಿಂದು ಹ್ಯಾಂಡಲ್ಲಿಗೆ ಹತ್ತಿರ ಇರಬೇಕು, ಹಿಂಭಾಗ ಹಗುರವಾಗಿ ಹಿಂದಿನ ಚಕ್ರದ ಅಚ್ಚಿನ ಆಸುಪಾಸಿನಲ್ಲೇ ಮುಗಿದುಹೋಗಬೇಕು. ಉಳಿದದ್ದೆಲ್ಲ ಚರ್ಚೆಗೆ ಮುಕ್ತ.

ಫ್ರೇಮಿನ ಜಗಳ ಇಷ್ಟಕ್ಕೇ ಮುಗಿಯಲಿಲ್ಲ. ಚಾಸಿಸ್ ವಿಭಾಗದವರಿಗೆ ಕೊಳವೆ ಫ್ರೇಮ್ ಬೇಡವೇ ಬೇಡ. ಎಂಜಿನ್ನನ್ನೇ ಭಾರ ಹೊರುವ ಭಾಗ ಮಾಡಿ, ಮುಂದೆ ಎರಕದ ಅಲ್ಯೂಮಿನಿಯಂನ ಚಿಕ್ಕ ತುಂಡೊಂದನ್ನು ಬೋಲ್ಟ್ ಮಾಡುತ್ತೇವೆ ಎಂಬ ಹಟ ಅವರದು. ಅವರ ಕೈಯಲ್ಲಿ ಗಟ್ಟಿ ಉದಾಹರಣೆಯೂ ಇತ್ತು. ಇಟಲಿಯ ಡುಕಾಟಿ ಕಂಪನಿಯ ಮಾನ್‌ಸ್ಟರ್ ಬೈಕ್ ಎಂದರೆ ಕೊಳವೆ ಫ್ರೇಮ್ ಎಂದು ಎಲ್ಲರೂ ನಂಬಿದ್ದರು. ವಿನ್ಯಾಸಕಾರ ಮಿಗೆಲ್ ಗಲುಜ್ಜಿ ಅದನ್ನು ಕಟ್ಟಿದ್ದೇ ಕಂಪನಿಯಲ್ಲಿ ಆಗಲೇ ಇದ್ದ ಸಾಮಾನಿನಿಂದ: 851 ಎಂಬ ಸೂಪರ್‌ಬೈಕ್ ಕುಟುಂಬದ ಫ್ರೇಮ್, 900 ಸೂಪರ್‌ಸ್ಪೋರ್ಟಿನ 904 ಸಿಸಿ ಎಂಜಿನ್. 1992ರಲ್ಲಿ ಕೊಲೋನ್ ಪ್ರದರ್ಶನದಲ್ಲಿ ತೋರಿಸಿ, 1993ರಿಂದ ಮಾರಿದರು. ಅದೇ ಕಂಪನಿ 2021ರ ಮಾದರಿಗೆ ಆ ಕೊಳವೆಗಳನ್ನು ಕಿತ್ತು 3 ಕೆ.ಜಿ. ತೂಕದ ಅಲ್ಯೂಮಿನಿಯಂ ಮುಂಫ್ರೇಮ್ ಕೂರಿಸಿತು. ಫ್ರೇಮ್ ಒಂದರಲ್ಲೇ 4.5 ಕೆ.ಜಿ. ಇಳಿಯಿತು, ಒಟ್ಟು ಬೈಕು ಹಿಂದಿನ ಮಾದರಿಯಾದ 821ಕ್ಕಿಂತ 18 ಕೆ.ಜಿ. ಹಗುರವಾಗಿ, ಇಂಧನ ಮತ್ತಿತರ ದ್ರವಗಳಿಲ್ಲದೆ 166 ಕೆ.ಜಿ.ಗೆ ಬಂದು ನಿಂತಿತು. ಅಭಿಮಾನಿಗಳು ರಂಪ ಮಾಡಿದರು, ನಿಜ. ಆದರೆ ಅದನ್ನು ದೂರದಿಂದ ನೋಡಿ, ಇದು ಮಾನ್‌ಸ್ಟರ್ ಅಲ್ಲ ಅಂದವರನ್ನು ನಾನು ಕಂಡಿಲ್ಲ. ಹತ್ತಿರ ಬಂದ ಮೇಲೆಯೇ ಎಲ್ಲರೂ ಬೈದದ್ದು.

ಇದಕ್ಕೆ ಎದುರು ಉದಾಹರಣೆಗಳನ್ನು ನಾನೂ ತೆಗೆದಿಟ್ಟಿದ್ದೆ. ಟ್ರಯಂಫ್ ಸ್ಪೀಡ್ ಟ್ರಿಪಲ್‌ಗೆ 1997ರಲ್ಲಿ ಬಂದ ಜೋಡಿ ದುಂಡು ಹೆಡ್‌ಲೈಟೇ ಅದರ ಮುಖವಾಗಿಬಿಟ್ಟಿತ್ತು. 2011ರಲ್ಲಿ ಆ ದುಂಡನ್ನು ಬಿಟ್ಟು ಕೋನ ತಂದಾಗ ಹಳಬರ ಮುನಿಸು ಸುಲಭಕ್ಕೆ ಇಳಿಯಲಿಲ್ಲ. ಇನ್ನೊಂದು ನೇಕೆಡ್ ಅಲ್ಲ, ಆದರೂ ಪಾಠ ದೊಡ್ಡದು: ಮಾಸ್ಸಿಮೊ ಟಂಬುರಿನಿ ವಿನ್ಯಾಸ ಮಾಡಿದ 916 ಕುಟುಂಬದ ಜಾಗಕ್ಕೆ ಬಂದ ಡುಕಾಟಿ 999. ಓಡಿಸಲು ಒಳ್ಳೆಯದಾಗಿತ್ತು, ರೇಸುಗಳನ್ನೂ ಗೆದ್ದಿತು. ಆದರೆ ಹೆಡ್‌ಲೈಟುಗಳನ್ನು ಒಂದರ ಮೇಲೊಂದು ಪೇರಿಸಿ, ಹಿಂದಿನ ಚಕ್ರವನ್ನು ಒಂದೇ ಕಡೆಯಿಂದ ಹಿಡಿಯುವ ತೋಳಾದ ಸ್ವಿಂಗ್‌ಆರ್ಮ್ ಬಿಟ್ಟಿದ್ದನ್ನು ಜನ ಕ್ಷಮಿಸಲಿಲ್ಲ. 2007ರ 1098ರಲ್ಲಿ ಕಂಪನಿ ಅಡ್ಡಸಾಲಿನ ಜೋಡಿ ಹೆಡ್‌ಲೈಟಿಗೂ ಅದೇ ಸ್ವಿಂಗ್‌ಆರ್ಮಿಗೂ ವಾಪಸಾಯಿತು. ಈ ಎರಡನ್ನೂ ಗೋಡೆಗೆ ಅಂಟಿಸಿ, ಮುಖದ ಮೇಲೆ ಕೈ ಹಾಕುವ ಮೊದಲು ಇವನ್ನು ನೋಡಿ ಎಂದೆ. ಫ್ರೇಮ್ ಕೊಟ್ಟೆ, ಹೆಡ್‌ಲೈಟು ಉಳಿಸಿಕೊಂಡೆ. ನಿಜ ಹೇಳಬೇಕೆಂದರೆ ಅದೊಂದು ವ್ಯಾಪಾರ.

ಆಮೇಲೆ ಬಂದದ್ದು ಪ್ಯಾಕೇಜ್, ಅಂದರೆ ಯಾವ ಭಾಗ ಎಲ್ಲಿ ಕೂರಬೇಕು ಎನ್ನುವ ನಕ್ಷೆ. ಹಳೆಯ ಬೈಕ್ ಹುಟ್ಟಿದ ಕಾಲದಲ್ಲಿ ಎಬಿಎಸ್ ಮಾಡ್ಯೂಲ್ ಇರಲಿಲ್ಲ, ವಾಲುವ ಕೋನ ಅಳೆಯುವ ಸೆನ್ಸರ್ ಇರಲಿಲ್ಲ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹೆಸರಿಗಷ್ಟೇ. ಯೂರೋಪಿನಲ್ಲಿ 2020ರಿಂದ ಹೊಸ ಮಾದರಿಗಳಿಗೆ ಬಂದ ಯೂರೋ 5 ಹೊಗೆ ನಿಯಮ ನೈಟ್ರೋಜನ್ ಆಕ್ಸೈಡನ್ನು ಕಿಲೋಮೀಟರಿಗೆ 60 ಮಿಲಿಗ್ರಾಂಗೆ, ಕಾರ್ಬನ್ ಮೊನಾಕ್ಸೈಡನ್ನು 1000 ಮಿಲಿಗ್ರಾಂಗೆ ಕಟ್ಟಿಹಾಕಿದೆ. ಕನ್ವರ್ಟರ್ ಕೆಲಸ ಶುರು ಮಾಡಬೇಕಾದರೆ ಅದು 250–300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು, ಬೇಗ ಕಾಯಬೇಕಾದರೆ ಎಂಜಿನ್ನಿಗೆ ಹತ್ತಿರ ಇರಬೇಕು. ಅಂದರೆ ಪೈಪುಗಳು ಅಂದವಾಗಿ ಬಾಗಿ ಇಳಿಯುತ್ತಿದ್ದ ಜಾಗದಲ್ಲೇ ಒಂದು ದಪ್ಪ ಡಬ್ಬಿ. ಅದನ್ನು ಎಂಜಿನ್ನಿನ ಹೊಟ್ಟೆಯಡಿ ತಳ್ಳಿದೆವು. ತಳ್ಳಿದಷ್ಟೂ ನೆಲಕ್ಕೆ ಹತ್ತಿರ. ಹಂಪ್ ಹತ್ತಿಳಿಯುವಾಗ ತಗಲುತ್ತದೆ ಎಂದು ಇನ್ನೊಂದು ವಿಭಾಗದವರು ಹುಬ್ಬು ಗಂಟಿಕ್ಕಿದರು. ಕೊನೆಗೆ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಆಯಿಲ್ ಸಂಪ್ ಆಕಾರವನ್ನೇ ತಿದ್ದಿ ಡಬ್ಬಿಗೆ ಗೂಡು ಮಾಡಿಕೊಟ್ಟರು. ನನಗೆ ಗೊತ್ತಿರುವಂತೆ ಈ ಬೈಕಿನ ಅತ್ಯುತ್ತಮ ವಿನ್ಯಾಸ ಅದೇ, ಮಾಡಿದವರು ವಿನ್ಯಾಸಕಾರರಲ್ಲ.

ರೇಡಿಯೇಟರ್ ಬಗ್ಗೆ ನನಗೆ ಒಳ್ಳೆಯ ಮಾತು ಬರುವುದಿಲ್ಲ. ಹಳೆಯ ಎಂಜಿನ್ ಗಾಳಿಯಿಂದ ತಣಿಯುತ್ತಿತ್ತು, ಹೊಸದಕ್ಕೆ ನೀರು ಬೇಕು. ಮುಂದಿನ ಚಕ್ರದ ಹಿಂದೆ ಚೌಕದ ತಟ್ಟೆಯೊಂದನ್ನು ನಿಲ್ಲಿಸಿ, ಚೆಂದ ಕಾಣಿಸು ಎಂದರೆ ಯಾರು ತಾನೇ ಏನು ಮಾಡಲಾದೀತು? ಅದರ ಎರಡೂ ಪಕ್ಕಕ್ಕೆ ಪ್ಲಾಸ್ಟಿಕ್ ರೆಕ್ಕೆ ಅಂಟಿಸಿ ಮುಚ್ಚುವುದು ಈಗ ಎಲ್ಲರ ದಾರಿ. ನನಗೆ ಆ ರೆಕ್ಕೆಗಳೆಂದರೆ ಆಗದು. ಬಿಚ್ಚುಮೈ ಎಂದು ಮಾರಿ ಹೆಗಲಿಗೆ ಶಾಲು ಹೊದಿಸಿದ ಹಾಗೆ. ರೇಡಿಯೇಟರನ್ನೇ ಸ್ವಲ್ಪ ಬಾಗಿಸಿ, ಕಿರಿದು ಮಾಡಿ, ಅದರ ಬದಿಯ ನೀರಿನ ಟ್ಯಾಂಕುಗಳಿಗೆ ಎಂಜಿನ್ನಿನದೇ ಬಣ್ಣ ಕೊಟ್ಟು ಬಿಟ್ಟೆವು. ಹೋಸುಗಳು ಎಡಗಡೆಯಿಂದ ಬಲಗಡೆಗೆ ಹೋದವು. ಸೈಡ್‌ಸ್ಟ್ಯಾಂಡ್ ಹಾಕಿ ಫೋಟೋ ತೆಗೆಯುವಾಗ ಬೈಕು ಎಡಕ್ಕೆ ವಾಲುತ್ತದೆ, ಬಲಗಡೆ ಎದ್ದು ನಿಲ್ಲುತ್ತದೆ ಎಂದು ಎಲ್ಲರೂ ಬಲಗಡೆಯಿಂದಲೇ ತೆಗೆಯುತ್ತಾರೆ ಅನ್ನುವುದು ನನ್ನ ವಾದ. ಹಾಗಿದ್ದರೆ ಹೋಸು ಎಡಕ್ಕೇ ಇರಬೇಕಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಅದನ್ನೇ ಕೇಳಿದೆ. ವಾಟರ್ ಪಂಪ್ ಬಲಗಡೆ ಇದೆ ಎಂಬ ಉತ್ತರ ಬಂತು. ಮಾತು ಮುಗಿಯಿತು.

ಕ್ಲೇ ಕೋಣೆಗೆ ಇಳಿದ ಮೇಲೆ ನನಗೆ ಉಸಿರು ಬಂದಂತಾಯಿತು. ಎಷ್ಟೇ ಸಾಫ್ಟ್‌ವೇರ್ ಬಂದರೂ ಬೈಕಿನ ಟ್ಯಾಂಕನ್ನು ಕೈಯಲ್ಲೇ ಕಂಡುಕೊಳ್ಳಬೇಕು ಎಂದು ನಂಬಿದವನು ನಾನು. ಲೋಹದ ಅಸ್ಥಿಪಂಜರದ ಮೇಲೆ ಫೋಮ್ ಕೂರಿಸಿ, ನಿಜವಾದ ಎಂಜಿನ್, ಚಕ್ರ, ಫೋರ್ಕ್ ಜೋಡಿಸಿ, ಮೇಲೆ ಕ್ಲೇ ಮೆತ್ತುತ್ತಾರೆ. ಇದು ಕುಂಬಾರರ ಮಣ್ಣಲ್ಲ. ಮೇಣ ಬೆರೆತದ್ದು, ಒಲೆಯಲ್ಲಿ 55–60 ಡಿಗ್ರಿಗೆ ಕಾಯಿಸಿದರೆ ಮೆದುವಾಗುತ್ತದೆ, ತಣಿದ ಮೇಲೆ ಗಟ್ಟಿಯಾಗಿ ಸ್ಕ್ರೇಪರಿಗೆ ಸುರುಳಿ ಸುರುಳಿಯಾಗಿ ಬರುತ್ತದೆ. ನಾವು ಬಳಸಿದ ಹಳೆಯ ಬಗೆಯದರಲ್ಲಿ ಗಂಧಕ ಇರುತ್ತದೆ. ಆ ವಾಸನೆ ಸಂಜೆ ಮನೆಗೆ ಹೋದರೂ ಅಂಗಿಯಲ್ಲೇ.

ನಮ್ಮ ಹಿರಿಯ ಮಾಡೆಲರ್ ಒಬ್ಬರಿದ್ದರು. ನಾನು ತಂದ ರೆಂಡರಿಂಗ್ ನೋಡಿ, "ಸ್ಕ್ರೀನ್ ಮೇಲೆ ಎಲ್ಲ ಬೈಕೂ ಚೆಂದವೇ ಮಾರಾಯರೆ, ಇಲ್ಲಿ ತನ್ನಿ ನೋಡೋಣ" ಅಂದರು. ಎಡಗಡೆಗೆ ಒಂದು ಆಕಾರ, ಬಲಗಡೆಗೆ ಇನ್ನೊಂದು ಮಾಡುವುದು ಈ ಕೆಲಸದ ರೂಢಿ; ನಡುವೆ ಕನ್ನಡಿ ಹಿಡಿದು ಎರಡನ್ನೂ ಪೂರ್ತಿ ಬೈಕಾಗಿ ನೋಡಬಹುದು. ಎಡಕ್ಕೆ ನನ್ನ ಚೂಪು ಅಂಚಿನ ಟ್ಯಾಂಕ್, ಬಲಕ್ಕೆ ಅವರು ಹಳೆಯದರಿಂದ ಹೊರಡಿಸಿದ ದುಂಡನೆಯದು. ನನ್ನದು ಹರಿತವಾಗಿ ಕಾಣುತ್ತಿತ್ತು. ಅವರು ಏನೂ ಹೇಳಲಿಲ್ಲ, ಕ್ಲೇ ಮೇಲೆ ಬೆಳ್ಳಿ ಬಣ್ಣದ ತೆಳು ಫಿಲ್ಮ್ ಎಳೆದು ಅಂಟಿಸಿ ದೀಪ ಹಾಕಿದರು. ಪೇಂಟ್ ಹೊಡೆದಂತೆ ಹೊಳೆಯುವ ಆ ಫಿಲ್ಮಿನ ಮೇಲೆ ಬೆಳಕಿನ ಗೆರೆಗಳು ಓಡುತ್ತವೆ. ಬಲಗಡೆಯದು ಹೆಡ್‌ಲೈಟಿನ ಹಿಂದಿನಿಂದ ಸೀಟಿನವರೆಗೆ ಒಂದೇ ಉಸಿರಿನಲ್ಲಿ ಹರಿಯಿತು. ನನ್ನ ಕಡೆಯದು ಸವಾರನ ಮೊಣಕಾಲು ಕೂರುವ ಗುಳಿಯ ಹತ್ತಿರ ಮುರಿದು ಮೂರು ತುಂಡಾಯಿತು.

ಆದರೂ ಅವರದ್ದನ್ನೇ ಇಟ್ಟುಕೊಳ್ಳಲಿಲ್ಲ. ಇಟ್ಟಿದ್ದರೆ ಅದು ಹಳೆಯ ಟ್ಯಾಂಕಿನ ನಕಲಾಗುತ್ತಿತ್ತು. ಮೇಲ್ಭಾಗದ ಹರಿವು ಅವರದು ಇರಲಿ, ಕೆಳಭಾಗವನ್ನು ಕತ್ತರಿಸಿದ ಹಾಗೆ ಒಳಕ್ಕೆ ತಿರುಗಿಸೋಣ, ಅಲ್ಲಿ ನೆರಳು ಬೀಳಲಿ ಎಂದೆ. ಅವರು ತಲೆಯಾಡಿಸಿ ಸ್ಕ್ರೇಪರ್ ಎತ್ತಿಕೊಂಡರು. ಆ ನೆರಳಿನ ಗೆರೆಯಿಂದ ಟ್ಯಾಂಕು ಎಂಜಿನ್ನಿನಿಂದ ಬೇರ್ಪಟ್ಟು ತೇಲುವಂತೆ ಕಂಡಿತು. ಹಳೆಯ ಬೈಕಿನಲ್ಲಿ ಆ ಸಂದಿಯಲ್ಲಿ ಫ್ರೇಮಿನ ಕೊಳವೆ ಹಾದುಹೋಗುತ್ತಿತ್ತು. ಈಗ ಕೊಳವೆಯಿಲ್ಲ, ಅದೇ ಕೋನದಲ್ಲಿ ನೆರಳಿದೆ. ಇದನ್ನು ನಾವು ಯೋಜಿಸಿ ಮಾಡಲಿಲ್ಲ. ಹಳೆಯ ಬೈಕನ್ನು ಪಕ್ಕಕ್ಕೆ ತಂದು ನಿಲ್ಲಿಸಿದಾಗ ಮಾಡೆಲರ್ ತೋರಿಸಿಕೊಟ್ಟರು.

ಟ್ಯಾಂಕು ಉಕ್ಕಿನದ್ದೇ ಇರಬೇಕು ಎಂದು ನಾನು ಹಟ ಹಿಡಿದೆ. ಒಳಗೆ ಪ್ಲಾಸ್ಟಿಕ್ ಟ್ಯಾಂಕ್ ಇಟ್ಟು ಮೇಲೆ ಕವರ್ ಹಾಕಿದರೆ ಯಾವ ಆಕಾರ ಬೇಕಾದರೂ ಬರುತ್ತದೆ, ಖರ್ಚೂ ಕಡಿಮೆ. ಆದರೆ ಟ್ಯಾಂಕಿಗೆ ಅಂಟುವ ಮ್ಯಾಗ್ನೆಟ್ ಬ್ಯಾಗ್ ನಿಲ್ಲುವುದಿಲ್ಲ, ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು. ತಟ್ಟಿ ನೋಡುವವರು ಎಷ್ಟು ಜನ ಎಂದು ಖರ್ಚಿನ ಲೆಕ್ಕದವರು ಕೇಳಿದರು. ಶೋರೂಮಿನಲ್ಲಿ ಒಂದು ಗಂಟೆ ನಿಂತು ನೋಡಿ ಬನ್ನಿ ಎಂದೆ. ಉಕ್ಕಿನ ಹಾಳೆಯನ್ನು ಅಚ್ಚಿನಲ್ಲಿ ಒತ್ತುವಾಗ ಒಂದು ಮಿತಿಗಿಂತ ಆಳಕ್ಕೆ ಎಳೆದರೆ ಹರಿಯುತ್ತದೆ ಇಲ್ಲವೇ ಸುಕ್ಕಾಗುತ್ತದೆ, ಹಾಗಾಗಿ ನಾವು ಮೆಚ್ಚಿದ ಮೊಣಕಾಲಿನ ಗುಳಿ ಸ್ವಲ್ಪ ಮೇಲೆ ಬರಬೇಕಾಯಿತು. ಎರಡು ಭಾಗ ಸೇರುವ ವೆಲ್ಡಿಂಗ್ ಅಂಚನ್ನು ಕೆಳಗಿನ ಆ ನೆರಳಿನೊಳಗೇ ಅಡಗಿಸಿದೆವು. ಟ್ಯಾಂಕಿನ ಮುಂದಿನ ಅರ್ಧದಡಿ ಎಂಜಿನ್ನಿಗೆ ಗಾಳಿ ಒದಗಿಸುವ ಏರ್‌ಬಾಕ್ಸ್ ಇದೆ, ಹೊರಗಿನ ಉಬ್ಬಿಗೆ ತಕ್ಕಷ್ಟು ಪೆಟ್ರೋಲ್ ಒಳಗಿಲ್ಲ.

ಹೆಡ್‌ಲೈಟು ಉಳಿಸಿಕೊಂಡೆ ಅಂದೆನಲ್ಲ, ಅದನ್ನು ಹೇಗೆ ಉಳಿಸುವುದು ಎಂಬ ಪ್ರಶ್ನೆ ಹಾಗೇ ಇತ್ತು. ಎಲ್‌ಇಡಿ ಬಂದ ಮೇಲೆ ದೀಪ ದುಂಡಗೇ ಇರಬೇಕೆಂಬ ಕಾರಣವಿಲ್ಲ. ಯಮಾಹಾ 2021ರ ಎಂಟಿ–09ರಲ್ಲಿ ಒಂದೇ ಪುಟ್ಟ ಪ್ರೊಜೆಕ್ಟರ್ ದೀಪ ಇಟ್ಟು ಮುಖವನ್ನೇ ಇಲ್ಲವಾಗಿಸಿದ್ದು ನೋಡಿ, ನಮ್ಮ ತಂಡದ ಕಿರಿಯರು ಅದೇ ದಾರಿ ಎಂದರು. ದುಂಡು ಎಂದರೆ ಅವರಿಗೆ ರೆಟ್ರೋ. ನಮ್ಮದು ರೆಟ್ರೋ ಬೈಕ್ ಆಗಬಾರದು ಅನ್ನುವುದರಲ್ಲಿ ನನಗೂ ಎರಡು ಮಾತಿಲ್ಲ. ನಿನ್ನೆಯ ಬೈಕನ್ನು ಇವತ್ತಿನ ಬೆಲೆಗೆ ಮಾರುವ ಕೆಲಸಕ್ಕೆ ವಿನ್ಯಾಸಕಾರ ಬೇಕಿಲ್ಲ. ಆದರೆ ದೀಪದ ಗಾತ್ರ ಕುಗ್ಗಿಸಿದ ಕೂಡಲೇ ಆ ಮುಖ್ಯ ಗೆರೆ ಆರಂಭದಲ್ಲೇ ಕುಸಿಯುತ್ತಿತ್ತು. ಹೊರಗಿನ ವ್ಯಾಸ ಹಳೆಯದರಷ್ಟೇ ಇಟ್ಟು, ಆಳವನ್ನು ಮಾತ್ರ ಕತ್ತರಿಸಿದೆವು. ಬಟ್ಟಲಿನ ಬದಲು ತಟ್ಟೆ. ಸುತ್ತ ಬೆಳಕಿನ ಉಂಗುರ, ಒಳಗೆ ಎರಡು ಚಿಕ್ಕ ಲೆನ್ಸ್.

ಎಲ್‌ಇಡಿ ಶಾಖವನ್ನು ಮುಂದಕ್ಕಲ್ಲ, ಹಿಂದಕ್ಕೆ ಬಿಡುತ್ತದೆ. ಹಿಂದೆ ಅಲ್ಯೂಮಿನಿಯಂ ರೆಕ್ಕೆಗಳು ಬೇಕು, ಆಳ ಮತ್ತೆ ಬೆಳೆಯುತ್ತದೆ, ಹ್ಯಾಂಡಲ್ ತಿರುಗಿಸಿದರೆ ವೈರುಗಳಿಗೆ ತಗಲುತ್ತದೆ. ರೆಕ್ಕೆಗಳನ್ನು ಹೊರಗೆ ತಂದು ದೀಪದ ಅಂಚಿನಲ್ಲೇ ಕಾಣುವಂತೆ ಇಟ್ಟೆವು. ಹಳೆಯ ಎಂಜಿನ್ನನ್ನು ತಣಿಸುತ್ತಿದ್ದ ಫಿನ್ನುಗಳು ಈಗ ಹೆಡ್‌ಲೈಟಿನ ಮೇಲೆ ಬಂದಂತಾಯಿತು, ಅಲಂಕಾರಕ್ಕಲ್ಲ, ಕೆಲಸಕ್ಕೆ. ನಿಯಮಗಳ ಕಡತವೂ ಪಕ್ಕದಲ್ಲೇ ಇತ್ತು. ವಿಶ್ವಸಂಸ್ಥೆಯ 53ನೇ ನಿಯಮದ ಪ್ರಕಾರ ಡಿಪ್ ಬೆಳಕು ನೆಲದಿಂದ 500ರಿಂದ 1200 ಮಿ.ಮೀ. ಒಳಗಿರಬೇಕು, ಮುಂದಿನ ಇಂಡಿಕೇಟರುಗಳ ನಡುವೆ ಕನಿಷ್ಠ 240 ಮಿ.ಮೀ. ಅಂತರ ಇರಬೇಕು. ದೀಪಕ್ಕಿಂತ ಇಂಡಿಕೇಟರಿನದೇ ಹೆಚ್ಚು ತಲೆನೋವು. ಎಷ್ಟು ಒಳಕ್ಕೆ ಎಳೆಯಬೇಕೆಂದರೂ ಕಾನೂನು ಹೊರಕ್ಕೆ ತಳ್ಳುತ್ತದೆ.

ಹೊಸ ತಲೆಮಾರಿನವರನ್ನು ಕರೆಸಿದ ದಿನ ನಾನು ಅಂದುಕೊಂಡಿದ್ದು ಒಂದು, ಆದದ್ದು ಇನ್ನೊಂದು. ಅವರು ಗೆರೆ, ಹೆಡ್‌ಲೈಟ್, ಚರಿತ್ರೆ ಯಾವುದನ್ನೂ ಕೇಳಲಿಲ್ಲ. ಮರದ ಹಲಗೆ, ಹೊಂದಿಸಬಹುದಾದ ಸೀಟು, ಹ್ಯಾಂಡಲ್, ಫುಟ್‌ಪೆಗ್ ಇರುವ ಕೂರುವ ಮಾದರಿಯ ಮೇಲೆ ಹತ್ತಿ ಇಳಿದರು. ಎರಡೂ ಕಾಲು ನೆಲಕ್ಕೆ ಸಿಗುತ್ತಾ, ಪಾರ್ಕಿಂಗಿನಿಂದ ಒಬ್ಬಳೇ ಹಿಂದಕ್ಕೆ ತಳ್ಳಬಹುದಾ ಎಂದು ಕೇಳಿದರು. ಸೀಟಿನ ಎತ್ತರ ಎಲ್ಲರೂ ಬರೆದುಕೊಳ್ಳುವ ಅಂಕಿ, ಆದರೆ ಕಾಲು ನೆಲ ಮುಟ್ಟುವುದು ಸೀಟಿನ ಅಗಲದ ಮೇಲೂ ನಿಂತಿದೆ. ಎತ್ತರ ಅಷ್ಟೇ ಇಟ್ಟು ಸೀಟಿನ ಮೂಗನ್ನೂ ಅದರಡಿಯ ಫ್ರೇಮನ್ನೂ ಕಿರಿದು ಮಾಡಿದಾಗ, ಮೊದಲು ತುದಿಗಾಲಲ್ಲಿ ನಿಂತಿದ್ದ ಹುಡುಗಿಯೊಬ್ಬಳ ಪಾದ ಪೂರ್ತಿ ಊರಿತು. ಚಾಸಿಸ್‌ನವರು ಕೊಳವೆ ಫ್ರೇಮ್ ಬೇಡ ಎಂದದ್ದು ಸರಿ ಎಂದು ನನಗೆ ಮನವರಿಕೆಯಾದದ್ದು ಆಗ. ಆ ಕೊಳವೆಗಳು ಇದ್ದಿದ್ದರೆ ಸೊಂಟ ಅಷ್ಟು ಸಣ್ಣಗಾಗುತ್ತಲೇ ಇರಲಿಲ್ಲ.

ಹ್ಯಾಂಡಲ್ಲನ್ನು ಸ್ವಲ್ಪ ಹತ್ತಿರ, ಸ್ವಲ್ಪ ಮೇಲೆ ತಂದೆವು. ಹಳಬರಲ್ಲಿ ಕೆಲವರಿಗೆ ಅದು ಇಷ್ಟವಾಗಲಿಲ್ಲ. ಅವರ ಬೆನ್ನಿಗೂ ವಯಸ್ಸಾಗಿದೆ, ಓಡಿಸಿದ ಮೇಲೆ ಸುಮ್ಮನಾಗುತ್ತಾರೆ ಎಂದು ಟೆಸ್ಟ್ ರೈಡರ್ ನಕ್ಕರು.

ಸದ್ದಿನ ಮಾತು ಬಂದಾಗ ನನ್ನ ಕೆಲಸ ಹೆಚ್ಚಿರಲಿಲ್ಲ. ಈ ವರ್ಗದ ಬೈಕಿಗೆ ಯೂರೋಪಿನ ಮಿತಿ 77 ಡೆಸಿಬೆಲ್, ಸೈಲೆನ್ಸರಿನಿಂದ ಹಳೆಯ ಗುಡುಗು ತರಲಾಗದು. ಹೊರಗಿನವರಿಗೆ ಕೇಳಿಸದಿದ್ದರೇನು, ಸವಾರನಿಗೆ ಕೇಳಿಸಲಿ ಎಂದು ಏರ್‌ಬಾಕ್ಸಿನ ಗಾಳಿ ಎಳೆಯುವ ಬಾಯನ್ನು ಟ್ಯಾಂಕಿನ ಮುಂದಕ್ಕೆ ತಿರುಗಿಸಿದರು. ಅದಕ್ಕೆ ಎರಡು ಸೀಳು ಬೇಕೆಂದಾಗ ಕ್ಲೇಯಲ್ಲಿ ಆಗಲೇ ಮುಗಿದಿದ್ದ ಮೇಲ್ಮೈಯನ್ನು ಮತ್ತೆ ಕೆತ್ತಬೇಕಾಯಿತು. ಮಾಡೆಲರ್ ಆ ದಿನ ನನ್ನ ಜೊತೆ ಮಾತಾಡಲಿಲ್ಲ.

ಮೇಲಿನವರ ಒಪ್ಪಿಗೆ, ಸ್ಕ್ಯಾನಿಂಗ್, ಮೇಲ್ಮೈಯನ್ನು ಗಣಕದಲ್ಲಿ ನುಣುಪು ಮಾಡುವುದು, ಅಚ್ಚಿನಿಂದ ಪ್ಲಾಸ್ಟಿಕ್ ಬಿಡಲು ಒಂದೆರಡು ಡಿಗ್ರಿ ಓರೆ ಕೊಡುವುದು, ಬಣ್ಣಗಳು, ಇವೆಲ್ಲ ನಡೆದವು. ಬೇಸರದ ಕೆಲಸ, ಆದರೆ ಇಲ್ಲಿ ಎಡವಿದರೆ ಕ್ಲೇಯಲ್ಲಿ ಗೆದ್ದದ್ದೆಲ್ಲ ಹೋಗುತ್ತದೆ. ವೈರುಗಳಿಗಾಗಿ ರೂಟಿಂಗ್ ಎಂಜಿನಿಯರ್ ಜೊತೆ ಕೂತು ಒಂದು ಒಪ್ಪಂದಕ್ಕೆ ಬಂದೆವು: ಅಡಗಿಸಲು ಆಗದ್ದು ನೆಟ್ಟಗಾದರೂ ಇರಲಿ. ಥ್ರಾಟಲನ್ನು ವಿದ್ಯುತ್ ಸಂಕೇತದಿಂದ ನಡೆಸುವ ರೈಡ್ ಬೈ ವೈರ್ ಬಂದು ಥ್ರಾಟಲ್ ಕೇಬಲ್ ಎರಡೂ ಹೋದದ್ದು ದೊಡ್ಡ ಪುಣ್ಯ.

ಬೈಕು ಹೊರಬಿದ್ದ ಮೇಲೆ ಬೈಗುಳ ಬಂದೇ ಬಂದವು. ಫ್ರೇಮ್ ಎಲ್ಲಿ ಎಂದು ಹಳಬರು ಕೇಳಿದರು, ಫೋನಿಗೆ ಚಾರ್ಜರ್ ಸೀಟಿನಡಿ ಯಾಕೆ ಎಂದು ಹೊಸಬರು ಕೇಳಿದರು. ಇಬ್ಬರೂ ಒಂದೇ ಮಾತಿಗೆ ಒಪ್ಪಿದ್ದು ಹಿಂದಿನ ನಂಬರ್ ಪ್ಲೇಟ್ ಹೋಲ್ಡರಿನ ಬಗ್ಗೆ: ಇಷ್ಟು ಚಿಕ್ಕ ಬಾಲಕ್ಕೆ ಇಷ್ಟು ಉದ್ದದ ಕಡ್ಡಿಯೇ? ಪ್ಲೇಟಿನ ಕೋನ, ದೀಪ, ರಿಫ್ಲೆಕ್ಟರ್ ಎಲ್ಲಕ್ಕೂ ಕಾನೂನಿದೆ, ಕಡ್ಡಿ ಉದ್ದವಾಗಲೇಬೇಕು. ಕೊಂಡವರು ಮೊದಲು ಕಿತ್ತೆಸೆಯುವುದು ಅದನ್ನೇ ಎಂದು ನಮಗೆ ಗೊತ್ತಿತ್ತು. ಹಾಗಾಗಿ ಅದನ್ನು ನಾಲ್ಕೇ ಬೋಲ್ಟು, ಒಂದೇ ಕನೆಕ್ಟರಿನಲ್ಲಿ ನಿಲ್ಲಿಸಿದ್ದೆವು. ಸೀಟಿನಡಿ ಕೊಟ್ಟಿರುವ ಅಲನ್ ಕೀ ಆ ಬೋಲ್ಟುಗಳಿಗೆ ಸರಿಯಾಗಿ ಕೂರುತ್ತದೆ.